ಸಲಫಾಯಿ ಪೊರಕೆ ಹಿಡಿದ ಆಗಮನಕಾಲ

ನಮ್ಮೂರಿನ ಹಿರಿಯರು ಹಳೆಯ ಯುದ್ಧಗಳ ಮಾತೆತ್ತಿದರೆ ಒಲೆಯ ಮೇಲಿನ ಗೆಡ್ಡೆ ಕರಕಲಾಗುತ್ತದೆ. ಆದರೆ ಸಲಫಾಯಿ ಒಂದು ಕಡ್ಡಿ ಪೊರಕೆ ಹಿಡಿದು, ಇರುವೆಗಳ ದಂಡು, ಎರಡು ಹಲ್ಲಿ, ಪಾದ್ರಿಗಳ ಹುಂಜ ಮತ್ತು ಊರ ಮುಖ್ಯಸ್ಥರ ಹಂದಿಯ ವಿರುದ್ಧ ಇಪ್ಪತ್ತೆರಡು ದಿನ ನಡೆಸಿದ ಯುದ್ಧದ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಅವಳ ಪಕ್ಕದ ಮನೆ ನನ್ನದು. ಅಷ್ಟೂ ದಿನ ಅವಳಿಗೆ ಕೋಕೋ ಕಾಯಿಸಿ ಒಯ್ದವಳು ನಾನು. ಆದ್ದರಿಂದ ನಾನೇ ಹೇಳಬೇಕು.

ಸವಾಯಿ ದ್ವೀಪದ ನಮ್ಮ ದಕ್ಷಿಣ ದಡದಲ್ಲಿ ಸಲಫಾಯಿಗಿಂತ ದೊಡ್ಡ ಗಂಟಲಿನವರಿಲ್ಲ. ಬಿಂಗೋ ಆಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದರೆ, ಹಿಡಿದವರೇ ಕ್ಷಮೆ ಕೇಳುವಂತೆ ಮಾಡುತ್ತಿದ್ದಳು. ಪ್ರತಿ ಡಿಸೆಂಬರ್‌ನಲ್ಲಿ ತೆಂಗಿನ ಗರಿ ಹೆಣೆದು ಚರ್ಚಿಗೆ ವರ್ತುಲ ಮಾಡಿ, ಅದರಲ್ಲಿ ಆಗಮನಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಿಗೆ, ಒಂದೊಂದರಂತೆ ನಾಲ್ಕು ಮೇಣದಬತ್ತಿ ನಿಲ್ಲಿಸುವುದು ಅವಳದೇ ಹಕ್ಕು. ಗಂಡ ಫಲನಿಕೋ ಇದಕ್ಕೆ ತದ್ವಿರುದ್ಧ. ಮೂವತ್ತು ವರ್ಷ ಅವನಾಡಿದ ಮಾತೆಲ್ಲ ಸೇರಿಸಿದರೂ ಪಾದ್ರಿಗಳ ಒಂದು ಭಾನುವಾರದ ಉಪದೇಶದಷ್ಟಾಗದು. ಜಗಳವಾದರೆ ಅವಳು ಕೂಗುತ್ತಿದ್ದಳು, ಅವನು ಬಲೆ ಹೊಲಿಯುತ್ತಿದ್ದ. ಕೊನೆಗೆ ಗೆಲ್ಲುತ್ತಿದ್ದವನು ಅವನೇ.

ಮಾರ್ಚ್ ತಿಂಗಳಲ್ಲಿ ಅವನು ಮೀನಿಗೆ ಹೋದ. ಬರಲಿಲ್ಲ. ಆರು ವಾರಗಳ ಮೇಲೆ ಅವನ ದೋಣಿಯ ಅರ್ಧ ಭಾಗ ಇನ್ನೊಂದು ದ್ವೀಪದ ಬಂಡೆಗಳ ನಡುವೆ ಸಿಕ್ಕಿತು. ಸಲಫಾಯಿ ಬಗ್ಗಲಿಲ್ಲ. “ಇನ್ನರ್ಧದ ಮೇಲೆ ಕೂತಿರ್ತಾನೆ” ಅಂದಳು. ತಿಂಗಳುಗಟ್ಟಲೆ ತೇಲಿ ಎಲ್ಲೋ ದಡ ಸೇರಿ, ಗಡ್ಡ ಬಿಟ್ಟುಕೊಂಡು ಮರಳಿದವರ ಕಥೆ ನಮ್ಮಲ್ಲಿ ಮನೆಗೊಂದಿದೆ. ಹಾಗಾಗಿ ಯಾರೂ ಎದುರು ಹೇಳಲಿಲ್ಲ.

ಹೆಣ ಸಿಗದವರಿಗೆ ನಮ್ಮ ಮುತ್ತಜ್ಜಿಯರ ಕಾಲದ ಒಂದು ದಾರಿಯಿದೆ. ದಡದಲ್ಲಿ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಹಾಸಿ ಕಾಯುವುದು. ಅದರ ಮೇಲೆ ತಾನಾಗಿ ಬಂದ ಮೊದಲ ಜೀವವೇ ಹೋದವನು. ಹೆಂಡತಿ ಒಪ್ಪಿದರೆ ಅದನ್ನು ಆ ಬಟ್ಟೆಯಲ್ಲೇ ಸುತ್ತಿ, ಮನೆಯ ಮುಂದೆ ಹೂಳುವುದು. ಆಗಮನಕಾಲದ ಮೊದಲ ಭಾನುವಾರ ಫಲನಿಕೋನ ಅಣ್ಣ ತವಾಲೆ ಬಟ್ಟೆ ಹಾಸಿದ.

“ಕ್ರಿಸ್ಮಸ್ಸಿಗೆ ಎಲ್ರೂ ಮನೆಗೆ ಬರ್ತಾರೆ, ಸಲಫಾಯಿ. ಅವನನ್ನೂ ಕರ್ಕೊಳ್ಳೋಣ.”

“ಅವನು ಬಂದ್ರೆ ಎರಡು ಕಾಲಲ್ಲಿ ಬರ್ತಾನೆ ಭಾವ. ಆರು ಕಾಲಲ್ಲಿ ಬರಲ್ಲ.”

ಮನೆತನದ ಹಿರಿಯ ಹಾಸಿದ್ದನ್ನು ಯಾರೂ ಬರದೆ ಮಡಿಸುವಂತಿಲ್ಲ. ಆದರೆ ಬಂದವರನ್ನು ಗುಡಿಸಬಾರದೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಸಲಫಾಯಿಯಂಥವಳು ಹುಟ್ಟಿಯಾಳೆಂದು ಪೂರ್ವಜರು ಊಹಿಸಿರಲಿಲ್ಲ. ಅವಳು ಪೊರಕೆ ಹಿಡಿದು ಬಟ್ಟೆಯ ಪಕ್ಕ ಕುಳಿತಳು. ಕತ್ತಲಾದರೆ ಬಟ್ಟೆಗೇ ಸೊಳ್ಳೆಪರದೆ ಕಟ್ಟುತ್ತಿದ್ದಳು. ಇರುವೆಗಳು ಸಾಲುಗಟ್ಟಿ ಬಂದವು, ಸಾಲುಗಟ್ಟಿ ಹಾರಿಹೋದವು. ಹಲ್ಲಿಗಳಲ್ಲೊಂದು ಬಾಲ ಬಿಟ್ಟು ಓಡಿತು. ಬಾಲ ಲೆಕ್ಕಕ್ಕೆ ಬರುತ್ತದೆಯೇ ಎಂದು ಹಿರಿಯರು ಒಂದು ಮಧ್ಯಾಹ್ನವಿಡೀ ಸಭೆ ಕೂತರು. ಬರುವುದಿಲ್ಲ ಎಂದಾಯಿತು.

ಎರಡನೆಯ ವಾರ ಮುಖ್ಯಸ್ಥರ ಹಂದಿ ಬಂದು ಬಟ್ಟೆಯ ನಟ್ಟನಡುವೆ ಮಲಗಿತು.

“ಗೊರಕೆ ಅವನದೇ ಕಣೆ, ಸುತ್ತಿಬಿಡು” ಅಂದೆ ನಾನು.

“ಅವನ ಹೊಟ್ಟೆ ಇಷ್ಟಿರ್ಲಿಲ್ಲ. ಇದು ನಿನ್ನ ಗಂಡ ಇರ್ಬೇಕು, ನೋಡು” ಅಂದಳು. ಇಬ್ಬರೂ ಮರಳಿನ ಮೇಲೆ ಬಿದ್ದು ನಕ್ಕೆವು. ಹಂದಿಯನ್ನು ಅವಳು ಚರ್ಚಿನ ಬಾಗಿಲವರೆಗೆ ಅಟ್ಟಿದಳು. ಮರಳಿ ಬಂದಾಗ ಮುಖ ಒದ್ದೆಯಾಗಿತ್ತು. ಬೆವರೆಂದುಕೊಂಡೆ.

ಹಂದಿ ಪಾಪನಿವೇದನೆಯ ಸಾಲಿಗೆ ನುಗ್ಗಿದ್ದರಿಂದ ಫಾದರ್ ಸೆತೆಫಾನೋ ಖುದ್ದಾಗಿ ಬಂದರು. ಅವರಿನ್ನೂ ಚಿಕ್ಕ ವಯಸ್ಸಿನವರು.

“ಬಟ್ಟೆ ಹಾಸೋದು ನಮ್ಮ ಧರ್ಮಸಭೆ ಕಲಿಸಿದ್ದಲ್ಲ ಅಮ್ಮ.”

“ನಾನೂ ಅದನ್ನೇ ಹೇಳ್ತಿರೋದು ಫಾದರ್. ಇಡೀ ಊರಲ್ಲಿ ಓಡಿಸ್ತಿರೋಳು ನಾನೊಬ್ಳೇ ತಾನೆ? ಎಚ್ಚರವಾಗಿ ಕಾಯ್ತಾ ಇರಿ ಅಂತ ಭಾನುವಾರ ಹೇಳಿದ್ದೂ ನೀವೇ.”

ಫಾದರ್ ಚಪ್ಪಲಿ ಬಿಚ್ಚಿ ಅವಳ ಪಕ್ಕ ಕುಳಿತು ಒಂದು ಮಾವಿನಹಣ್ಣು ತಿಂದು ಹೋದರು.

ಮೂರನೆಯ ಭಾನುವಾರ, ಆ ದಿನದ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಲು ಅವಳು ಚರ್ಚಿಗೆ ಬರಲಿಲ್ಲ. ನಾನು ಹಚ್ಚಿದೆ, ಎರಡು ಸಲ ಆರಿತು. “ಬಾ ಪ್ರಭುವೇ” ಎಂದು ಹಾಡುವಾಗ ನನಗೆ ಮೊದಲ ಬಾರಿ ಭಯವಾಯಿತು. ಹೀಗೇ ಬರಬೇಕು, ಇಷ್ಟೇ ಎತ್ತರವಿರಬೇಕು ಎಂದು ನಾವೆಲ್ಲ ಮೊದಲೇ ನಿಶ್ಚಯಿಸಿಕೊಂಡು ಕಾಯುತ್ತೇವೆ. ಬಂದವನು ಬೇರೆ ರೂಪದಲ್ಲಿದ್ದರೆ ನಮ್ಮ ಕೈಯಲ್ಲೂ ಪೊರಕೆಯೇ ಇರುತ್ತದೆ.

ನಾಲ್ಕನೆಯ ಭಾನುವಾರ ಪೂಜೆ ಮುಗಿಸಿ ಕೋಕೋ ಒಯ್ದೆ. ಸಮುದ್ರದ ಕಡೆಯಿಂದ ಒಂದು ಶಂಖದ ಏಡಿ ಬರುತ್ತಿತ್ತು. ಹೆಬ್ಬೆರಳ ಉಗುರಿನಷ್ಟು, ಬೆನ್ನ ಮೇಲಿನ ಚಿಪ್ಪು ಒಡೆದಿತ್ತು. ಬಟ್ಟೆಯ ಅಂಚು ಹತ್ತಿತು. ಸಲಫಾಯಿ ಗುಡಿಸಿದಳು. ಅದು ಮಗುಚಿಬಿದ್ದು, ಕಾಲಾಡಿಸಿ ಎದ್ದು, ಮತ್ತೆ ಹತ್ತಿತು. ಇನ್ನಷ್ಟು ದೂರಕ್ಕೆ ಗುಡಿಸಿದಳು. ಮತ್ತೆ ಬಂತು. ಈ ಸಲ ಪೊರಕೆ ಮೇಲೆದ್ದರೂ ಓಡಲಿಲ್ಲ. ಚಿಪ್ಪಿನೊಳಗೆ ಸರಿದು ಸುಮ್ಮನೆ ಕುಳಿತಿತು.

“ಹಟ ನೋಡು” ಅಂದಳು. “ಮಾತಿಲ್ಲ, ಕತೆಯಿಲ್ಲ. ಬಯ್ದಷ್ಟೂ ಸುಮ್ನೆ ಕೂತ್ಕೊಳ್ಳೋದು.”

ಪೊರಕೆ ಮರಳಿನ ಮೇಲೆ ಬಿತ್ತು.

“ಇಷ್ಟು ಚಿಕ್ಕೋನಾಗಿಬಿಟ್ನಾ?” ಎಂದು ನನ್ನನ್ನು ಕೇಳಿದಳು.

ದೇವರು ಹಸುಗೂಸಾಗಿ ಬಂದು, ಬಟ್ಟೆಯಲ್ಲಿ ಸುತ್ತಿಸಿಕೊಂಡು ಗೋದಲಿಯಲ್ಲಿ ಮಲಗಿದ್ದನ್ನು ನಲವತ್ತು ವರ್ಷ ಹಾಡಿದ ಬಾಯಿ ನನ್ನದು. ಅವನು ಬಂದದ್ದೇ ಅಚ್ಚರಿ ಅಂದುಕೊಂಡಿದ್ದೆ. ಯಾರು ಬೇಕಾದರೂ ಗುಡಿಸಿ ಎಸೆಯಬಹುದಾದಷ್ಟು ಚಿಕ್ಕವನಾಗಿ ಬಂದ ಎಂಬುದು ಆ ದಿನ ತಿಳಿಯಿತು. ಕೋಕೋ ಅವಳ ಪಕ್ಕ ಇಟ್ಟು, ಹೋಗಿ ತವಾಲೆಯನ್ನು ಕರೆತಂದೆ.

ಮನೆಯ ಮುಂದೆ ಗುಂಡಿ ತೋಡಿದರು. ಫಾದರ್ ಸೆತೆಫಾನೋ ಕರೆಯದೆಯೇ ಬಂದು, ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು ನಿಂತರು. ತವಾಲೆ ಏಡಿಯನ್ನು ನಡುವಿಗಿಟ್ಟು, ಬಟ್ಟೆಯನ್ನು ನಾಲ್ಕು ಕಡೆಯಿಂದ ಮಡಿಸಿ, ನಾರಿನಿಂದ ಬಿಗಿದು ಗಂಟು ಹಾಕಿದ. ನಮ್ಮೂರಿನ ದೊಡ್ಡ ಗಂಟಲು ಆಗ ಎಷ್ಟು ಮೆಲ್ಲಗೆ ಮಾತಾಡಿತೆಂದರೆ, ಪಕ್ಕದಲ್ಲಿದ್ದ ನಾನೂ ಬಗ್ಗಿ ಕೇಳಬೇಕಾಯಿತು.

“ಅಷ್ಟು ಬಿಗೀಬೇಡಿ ಭಾವ. ಉಸಿರು ಕಟ್ಟುತ್ತೆ ಅವನಿಗೆ.”

ತವಾಲೆ ಗಂಟು ಬಿಚ್ಚಿ, ಸಡಿಲ ಮಾಡಿ ಮತ್ತೆ ಕಟ್ಟಿದ.