ಪೈಲಟ್ ಸಾಹೇಬರಿಗೆ ಹೊದಿಸಿದ ಶಾಲು

ಕಾಲುವೆ ತೋಡುತ್ತಿದ್ದ ದಿನಗಳವು. ಶಹಾಪುರದ ಕ್ಯಾಂಪಿನಲ್ಲಿ ನಾನು ಗುಮಾಸ್ತ. ಹೊಸ ಹೆಲಿಕಾಪ್ಟರ್ ನಮ್ಮ ಬಿಸಿಲು ತಡೆಯುತ್ತದೋ ಇಲ್ಲವೋ ಎಂದು ನೋಡಲು ಒಂದು ಕಂಪನಿಯವರು ಕ್ಯಾಂಪಿನ ಮೈದಾನಕ್ಕೆ ಬಂದಿದ್ದರು. ಧೂಳೇಳದಂತೆ ಟ್ಯಾಂಕರ್‌ನಿಂದ ನೀರು ಹೊಡೆಸುವುದು ನನ್ನ ಪಾಲಿನ ಕೆಲಸ. ಆ ಹಸಿ ಮಣ್ಣಿನ ವಾಸನೆ ಇನ್ನೂ ಮೂಗಿನಲ್ಲಿದೆ. ಪರೀಕ್ಷೆಗೆ ಹಾರಿಸುತ್ತಿದ್ದ ಪೈಲಟ್ ಮೈಸೂರು ಕಡೆಯವರು. ಇಳಿದ ಕೂಡಲೇ ಟ್ಯಾಂಕರ್ ಡ್ರೈವರನ ಕೈಯನ್ನೂ ಕುಲುಕುತ್ತಿದ್ದರು. ಕ್ಯಾಂಪಿಗೆಲ್ಲ ಅವರ ಮೇಲೆ ಜೀವ.

ಕೊನೆಯ ದಿನ ಅಡುಗೆಯ ಭೀಮವ್ವ, ಊಟಕ್ಕೆ ಕೂತ ಮೆಕ್ಯಾನಿಕ್‌ಗಳ ಬಾಯಿಂದ ಸುದ್ದಿ ತಂದಳು. "ಪೈಲಟ್ ಸಾಹೇಬ್ರು ಬ್ಯಾರೆ ಕಂಪನಿಗಿ ಹೊಂಟಾರಂತ್ರಿ. ಖಾಲಿ ಕೈಲೆ ಕಳಸ್ತೀರೇನು?"

ಬಿಟ್ಟು ಹೋಗುವವರಿಗೆ ಶಾಲು ಹೊದಿಸದೆ ಕಳಿಸಿದರೆ ನಮ್ಮ ಕಡೆ ಮರ್ಯಾದೆಯಲ್ಲ. ಸುರಪುರದಿಂದ ಶಾಲು ತರಿಸಿದೆ. ಸಂಜೆ ಹೆಲಿಕಾಪ್ಟರಿನ ಮುಂದೆಯೇ ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, "ಹೊಸ ಕಂಪನಿಯಾಗ ಚೆಂದಂಗ ಇರ್ರಿ ಸಾಹೇಬ್ರ" ಎಂದೆ.

ಪಕ್ಕದಲ್ಲಿದ್ದ ಅವರ ಮೇಲಧಿಕಾರಿಯ ಮುಖ ಕಪ್ಪಿಟ್ಟಿತು. "ಯಾವ ಹೊಸ ಕಂಪನಿ?"

ಪೈಲಟ್ ಒಮ್ಮೆ ಕಾಯಿಯನ್ನು, ಒಮ್ಮೆ ನನ್ನನ್ನು ನೋಡಿದರು. "ಬೇರೆ ಕಂಪನಿಯವರು ಕರೆದಿದ್ದು ನಿಜ ಸಾರ್. ಹೋಗಬೇಕೋ ಬೇಡವೋ ಅಂತ ನಾನೇ ಇನ್ನೂ ತೀರ್ಮಾನ ಮಾಡಿಲ್ಲ."

ನಾನು ಶಾಲು ಹಿಂದಕ್ಕೆ ತೆಗೆಯಲು ಕೈ ಚಾಚಿದೆ. ಭೀಮವ್ವ ಮಾತ್ರ ಹಿಂದಿನಿಂದ, "ಹೋಗಂಗಿಲ್ಲಂದ್ರ ಶಾಲು ಇಟ್ಕೊಳ್ರಿ, ಕಾಯಿ ಅಷ್ಟ ವಾಪಸ್ ಕೊಡ್ರಿ. ನಾಳಿ ಚಟ್ನಿಗಿ ಬೇಕು" ಎಂದಳು. ಮೊದಲು ನಕ್ಕವರು ಆ ಮೇಲಧಿಕಾರಿಯೇ.

ಪೈಲಟ್ ನಿವೃತ್ತಿಯವರೆಗೂ ಅದೇ ಹಳೆಯ ಕಂಪನಿಯಲ್ಲೇ ಉಳಿದರಂತೆ. ನನಗೂ ಮುಂದೆ ಮೂರು ವರ್ಗಾವಣೆಗೆ ಕಚೇರಿಯವರು ಮೂರು ಶಾಲು ಹೊದಿಸಿದರು. ನಾನು ಹೋಗುತ್ತೇನೆಂದು ಒಬ್ಬ ಮೇಲಧಿಕಾರಿಯ ಮುಖವೂ ಕಪ್ಪಿಡಲಿಲ್ಲ.