ಮಾತಾಡುವ ಕನ್ನಡಕದೊಡನೆ ನರಸೀಪುರಕ್ಕೆ

ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಮೈಸೂರಿನಲ್ಲಿ ನಂಜನಗೂಡಿನ ಬಸ್ಸು ಹತ್ತಿದೆ. ಮಳೆ ಬರುವ ಹಾಗೂ ಇರಲಿಲ್ಲ, ಬಿಸಿಲು ಬೀಳುವ ಹಾಗೂ ಇರಲಿಲ್ಲ. ಗಾಳಿ ಮಾತ್ರ ಮೈಮೇಲೆ ಬಂದವರ ಹಾಗೆ ಬೀಸುತ್ತಿತ್ತು. ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ಕಂಡಕ್ಟರು ನನ್ನ ಆಧಾರ್ ಕಾರ್ಡಿನ ಫೋಟೊವನ್ನೂ ಮುಖವನ್ನೂ ಎರಡೆರಡು ಸಲ ನೋಡಿದರು. ಆ ಫೋಟೊ ನೋಡಿದರೆ ನನಗೇ ನನ್ನ ಗುರುತು ಸಿಗುವುದಿಲ್ಲ, ಅವರನ್ನೇನು ದೂರುವುದು.

ನನ್ನ ಮಡಿಲಲ್ಲಿ ಒಂದು ದಪ್ಪ ಕನ್ನಡಕವಿತ್ತು. ಮೈಸೂರಿನಲ್ಲಿ ನಾವು ಮೂವರು ಗೆಳತಿಯರು ಸೇರಿ ಮಾಡಿದ್ದು. ಅದರ ಮೂಗಿನ ಮೇಲೆ ಪುಟ್ಟ ಕ್ಯಾಮೆರಾ, ಕಿವಿಯ ಹತ್ತಿರ ಸ್ಪೀಕರು. ಎದುರಿಗಿರುವವರ ಮುಖ ನೋಡಿ, ಯಾರೆಂದು ಕಿವಿಯಲ್ಲಿ ಹೇಳುತ್ತದೆ. ಮಿದುಳು ಮುಖವನ್ನು ಒಂದೇ ಏಟಿಗೆ ನೋಡುವುದಿಲ್ಲ. ಮೊದಲು ಅಂಚು, ಗೆರೆಗಳನ್ನು ಹಿಡಿಯುತ್ತದೆ. ಆಮೇಲೆ ಅವನ್ನು ಕೂಡಿಸಿ ಹುಬ್ಬು, ಮೂಗು. ಕೊನೆಗೆ ಎಲ್ಲ ಸೇರಿ ಇದು ಇಂಥವರ ಮುಖ ಎಂಬ ಗುರುತು. ನಮ್ಮ ಯಂತ್ರಕ್ಕೂ ಅದೇ ದಾರಿಯನ್ನು ಪದರ ಪದರವಾಗಿ ಕಲಿಸಿದ್ದೆವು. ಟೋಪಿ, ಟವೆಲ್ಲು, ಹಿಂದಿನ ಗೋಡೆ, ಯಾವುದಕ್ಕೂ ಮೋಸಹೋಗದೆ ಮುಖವನ್ನಷ್ಟೇ ನೋಡು ಎಂದು ಪಳಗಿಸಿದ್ದೆವು. ಆ ವಿಷಯದಲ್ಲಿ ನಮಗೆ ಸ್ವಲ್ಪ ಜಂಬವೇ ಇತ್ತು.

ನಂಜನಗೂಡಿನಲ್ಲಿ ಇಳಿದು, ಇಡ್ಲಿ ತಿಂದು, ಚಿಕ್ಕಯ್ಯನಛತ್ರಕ್ಕೆ ಆಟೋ ಹಿಡಿದೆ. ಅಲ್ಲಿ ಕಾಯುತ್ತಿದ್ದವರು ಕೆಂಪಮ್ಮ ಮತ್ತು ಅವರ ಗಂಡ ನಂಜೇಗೌಡರು. ಅವರ ಸೊಸೆ ಸುಮಾ ಹಾಲು ಕರೆದು ಕೈ ತೊಳೆದುಕೊಂಡು ಬಂದು ಕಾಫಿ ಕೊಟ್ಟಳು. ಫೋನಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ತಗ್ಗಿದ ದನಿಯಲ್ಲಿ ಹೇಳಿದಳು.

ಹೋದ ವರ್ಷ ಕೆಂಪಮ್ಮನವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಉಳಿದವು, ಕಣ್ಣೂ ಚೆನ್ನಾಗಿವೆ. ಆದರೆ ಮಿದುಳಿನಲ್ಲಿ ಮುಖದ ಗುರುತು ಹಿಡಿಯುವ ಜಾಗ ಸತ್ತುಹೋಗಿದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ, ಮಗನ ಮುಖ ತಿಳಿಯುವುದಿಲ್ಲ, ಮಾತಾಡಿದರೆ ಗೊತ್ತಾಗುತ್ತದೆ. ಗಂಡನದೇ ತೊಂದರೆ. ಇವರು ಆಸ್ಪತ್ರೆಯಲ್ಲಿ ಮೈಮೇಲೆ ಜ್ಞಾನವಿಲ್ಲದೆ ಮಲಗಿದ್ದಾಗಲೇ ಗಂಡನ ಗಂಟಲಿನ ಗೆಡ್ಡೆ ತೆಗೆದರು, ಮಾತು ಹೋಯಿತು. ಕೆಂಪಮ್ಮ ಎಚ್ಚರಗೊಂಡಾಗ ಮುಖವೂ ತಿಳಿಯದ, ದನಿಯೂ ಇಲ್ಲದ ಒಬ್ಬರನ್ನು ತೋರಿಸಿ ಇವರೇ ನಿನ್ನ ಗಂಡ ಎಂದರು. ಗಂಟಲಲ್ಲಿ ಉಳಿದ ತೂತು ಮುಚ್ಚಲು ಗೌಡರು ಕತ್ತಿಗೆ ಟವೆಲ್ಲು ಸುತ್ತಿಕೊಳ್ಳುತ್ತಾರೆ, ಆದರೆ ಹಾಗೆ ಸುತ್ತಿದ ಗಂಡಸರು ಊರ ತುಂಬಾ ಇದ್ದಾರೆ. ಮೊನ್ನೆ ಕೆಂಪಮ್ಮ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಯಾವುದೋ ಟವೆಲ್ಲಿನ ಹಿಂದೆ ಹೋಗಿಬಿಟ್ಟಿದ್ದರಂತೆ.

"ಯಾರಾರೂ ಇವ್ರೇ ಅಂತ ಏಳುದ್ರೆ ಊಂ ಅಂತೀನಿ ಅವ್ವ. ನಂಗೇ ಗೊತ್ತಾಗ್ಬೇಕು," ಎಂದರು ಕೆಂಪಮ್ಮ. ನಾನು ಬಂದದ್ದು ಅಷ್ಟಕ್ಕೇ.

ಗೌಡರನ್ನು ಹಜಾರದಲ್ಲಿ ಕೂರಿಸಿ ಮುಖವನ್ನು ಎಲ್ಲ ಕಡೆಯಿಂದ ಯಂತ್ರಕ್ಕೆ ತೋರಿಸಿದೆ. ಹೆಸರು ಹೇಳಿ ಎಂದರೆ ಕೆಂಪಮ್ಮ ನಾಚಿ ಸೊಸೆಯ ಮುಖ ನೋಡಿದರು. ಗಂಡನ ಹೆಸರನ್ನು ಬಾಯಲ್ಲಿ ಅಂದವರಲ್ಲ. ಕೊನೆಗೆ "ನಿಮ್ಮ ಯಜಮಾನರು" ಎಂದೇ ತುಂಬಿದೆ. ಕನ್ನಡಕ ಹಾಕಿಸಿ, "ಇನ್ಮೇಲೆ ಕಣ್ಣಿನ ಮಾತು ಕೇಳಬೇಡಿ, ಇದರ ಮಾತು ಕೇಳಿ," ಎಂದು ಎರಡು ಸಲ ಒತ್ತಿ ಹೇಳಿದೆ. ಅವರು ಮಗುವಿನ ಹಾಗೆ ತಲೆಯಾಡಿಸಿದರು.

ಆ ದಿನ ಅವರಿಬ್ಬರೂ ತಿ. ನರಸೀಪುರಕ್ಕೆ ಹೋಗುವವರಿದ್ದರು. ಗೌಡರ ಅಣ್ಣ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅದೂ ಕೆಂಪಮ್ಮ ಆಸ್ಪತ್ರೆಯಲ್ಲಿದ್ದಾಗಲೇ. ಕಾಯಿಲೆಯವರಿಗೆ ಸಾವಿನ ಸುದ್ದಿ ಮುಟ್ಟಿಸಬಾರದೆಂದು ಮನೆಯವರೆಲ್ಲ ಒಂದಾಗಿ ಮುಚ್ಚಿಟ್ಟು, ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಹೇಳಿದ್ದರು. ಈಗ ವಾರಗಿತ್ತಿ ದೇವಮ್ಮನನ್ನು ಮಾತಾಡಿಸಲು ಮೊದಲ ಸಲ ಹೊರಟಿದ್ದರು. ಜನಜಂಗುಳಿಯಲ್ಲಿ ಕನ್ನಡಕ ಪರೀಕ್ಷಿಸಲು ಒಳ್ಳೆಯದಾಯಿತೆಂದು ನಾನೂ ಅಂಟಿಕೊಂಡೆ.

ನಂಜನಗೂಡಿಗೆ ಮರಳಿ ನರಸೀಪುರದ ಬಸ್ಸು ಹಿಡಿದೆವು. ಸೀಟು ಸಿಕ್ಕಿದ್ದು ಪುಣ್ಯ. ದಾರಿಯುದ್ದಕ್ಕೂ ನಾಟಿಗೆ ಕಾದ ಗದ್ದೆ, ಕಬ್ಬು, ಮತ್ತೆ ಗದ್ದೆ, ಎಲ್ಲದರ ಮೇಲೂ ಅದೇ ಬೂದು ಬೆಳಕು. ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಕೆಂಪಮ್ಮ ಹತ್ತಾರು ಸಲ ಗೌಡರಿದ್ದ ಹಿಂದಿನ ಸೀಟಿಗೆ ತಿರುಗಿ ನೋಡಿದರು. ಪ್ರತಿ ಸಲವೂ ಕನ್ನಡಕ ಹೇಳುತ್ತಿತ್ತು, ಅವರು ನಗುತ್ತಿದ್ದರು.

ನರಸೀಪುರದ ನಿಲ್ದಾಣದಲ್ಲಿ ಗೌಡರನ್ನು ಜನರ ನಡುವೆ ಬಿಟ್ಟು, ಹುಡುಕಿ ಎಂದೆ. ಕೆಂಪಮ್ಮ ಬಾಳೆಹಣ್ಣಿನ ಗಾಡಿ ದಾಟಿ, ಟವೆಲ್ಲಿನವರನ್ನು ಒಬ್ಬೊಬ್ಬರನ್ನೇ ನೋಡುತ್ತಾ ಹೋಗಿ, ನೇರ ಗಂಡನ ಮುಂದೆ ನಿಂತು ತೋಳು ಹಿಡಿದರು. "ಸಿಕ್ಬುಟ್ರಿ!" ಎಂದರು. ಗೌಡರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ಮೈಸೂರಿಗೆ ಫೋನ್ ಮಾಡಿ, ನಮ್ಮ ಕೆಲಸ ಗೆದ್ದಿತು ಎಂದು ಬೀಗಿದೆ. ಎಷ್ಟು ಖುಷಿಯಾಗಿತ್ತೆಂದರೆ ಆ ನಿಲ್ದಾಣದ ಟೀ ಕೂಡ ರುಚಿಯಾಗಿತ್ತು.

ದೇವಮ್ಮನ ಮನೆ ಹೊಳೆಯ ಕಡೆಯ ಬೀದಿಯಲ್ಲಿತ್ತು. ಗೌಡರು ಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾವು ನಡುಮನೆಗೆ ಬಂದೆವು. ಗೋಡೆಯ ಮೇಲೆ ಹೊಸ ಕಟ್ಟಿನ ದೊಡ್ಡ ಫೋಟೊ, ಅದಕ್ಕೆ ಗಂಧದ ಹಾರ, ಕೆಳಗೆ ಕೆಂಪು ಬಲ್ಬು. ಕೆಂಪಮ್ಮ ಕೈಮುಗಿಯಲು ತಲೆ ಎತ್ತಿದರು. ಕನ್ನಡಕದ ಮಾತು ನನ್ನ ಫೋನಿನ ಪರದೆಯಲ್ಲೂ ಬರುತ್ತಿತ್ತು. ನೋಡಿದೆ: ನಿಮ್ಮ ಯಜಮಾನರು.

ಅಣ್ಣತಮ್ಮಂದಿರು ಅಷ್ಟೊಂದು ಹೋಲುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಯಂತ್ರ ಮುಖವನ್ನಷ್ಟೇ ನೋಡಿತ್ತು, ಹಾರವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೆಂಪಮ್ಮನವರಿಗೆ ಹಾರ ಕಾಣುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಅವರ ಮುಗಿದ ಕೈ ಹಾಗೇ ನಿಂತಿತು.

"ಯಾವಾಗ ಓದ್ರಕ್ಕ?" ಎಂದರು, ಫೋಟೊದಿಂದ ಕಣ್ಣು ತೆಗೆಯದೆ.

ದೇವಮ್ಮ ತನ್ನ ಗಂಡನ ಬಗ್ಗೆ ಕೇಳುತ್ತಿದ್ದಾಳೆಂದುಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡರು. "ನೀನು ಆಸ್ಪತ್ರೇಲಿ ಗ್ಯಾನ ಇಲ್ದೆ ಬಿದ್ದಿದ್ದೆ ಕಣವ್ವ. ನಿಂಗೆ ಏಳ್ಬಾರ್ದು ಅಂತ ನಾವೆಲ್ರೂ ಮಾತಾಡ್ಕಂಡಿದ್ದೊ."

ನಾನು ಬಾಯಿ ತೆರೆಯುವಷ್ಟರಲ್ಲಿ ಗೌಡರು ಒದ್ದೆ ಕಾಲಲ್ಲಿ ಒಳಗೆ ಬಂದರು. ಕನ್ನಡಕ ಅವರ ಮುಖ ನೋಡಿಯೂ ನಿಮ್ಮ ಯಜಮಾನರು ಎಂದೇ ಹೇಳಿತು. ಕೆಂಪಮ್ಮ ಅದನ್ನು ತೆಗೆದು ನನ್ನ ಕೈಗಿಟ್ಟರು. ತಲೆ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಸರಿದು, ಕಣ್ಣು ತಗ್ಗಿಸಿ ನಿಂತರು. ನಮ್ಮ ಕಡೆಯ ಹೆಂಗಸರು ಗಂಡನ ಅಣ್ಣನೆದುರು ನಿಲ್ಲುವುದು ಹಾಗೆ.

"ಭಾವೋರು ಬಂದ್ರು, ಮಣೆ ಆಕಕ್ಕ," ಎಂದರು.

"ಅಯ್ಯೋ, ನಿನ್ ಗಂಡ ಕಣೇ ಅವ್ನು! ಓದೋನು ನನ್ ಗಂಡ!" ದೇವಮ್ಮ ಕೂಗಿಕೊಂಡರು.

"ಪೋಟದಲ್ಲಿರೋರೇ ನಮ್ಮ ಯಜಮಾನ್ರು ಅಂತಲ್ಲ ಅದು. ಒಂದ್ಸಲ ಮುಚ್ಚಿಟ್ಟೋರು ಇನ್ನೊಂದ್ಸಲ ಮುಚ್ಚಿಡಲ್ವ?"

ಗೌಡರು ಎದೆ ತಟ್ಟಿಕೊಂಡರು. ಬಾಯಿ ತೆರೆದರು, ಗಂಟಲ ತೂತಿನಿಂದ ಗಾಳಿಯಷ್ಟೇ ಬಂತು. ಕೈ ಹಿಡಿಯಲು ಮುಂದೆ ಬಂದರೆ ಕೆಂಪಮ್ಮ ಬೆಚ್ಚಿ ಹಿಂದೆ ಸರಿದರು. ಯಂತ್ರ ತಪ್ಪು ಹೇಳಿದೆ, ಫೋಟೊಗೂ ಜೀವಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ ಎಂದು ನಾನು ನನಗೆ ಗೊತ್ತಿದ್ದ ರೀತಿಯಲ್ಲೆಲ್ಲ ಹೇಳಿದೆ.

"ಬೆಳಿಗ್ಗೆ ನೀವೇ ಏಳುದ್ರಲ್ಲವ್ವ, ಇದ್ರ ಮಾತ್ ಕೇಳಿ ಅಂತ," ಎಂದರು.

ಮುದ್ದೆ, ಸೊಪ್ಪಿನ ಸಾರು ತಟ್ಟೆಯಲ್ಲೇ ಆರಿಹೋದವು. ಮಗ ಫೋನಿನಲ್ಲಿ ಹೇಳಿದ, ಸುಮಾ ಅಳುತ್ತಾ ಹೇಳಿದಳು. ಇಬ್ಬರಿಗೂ ಕೆಂಪಮ್ಮ ಊಂ ಎಂದರು, ಮೊದಲಿನ ಹಾಗೆ.

ಸಂಜೆಯ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂತರು. ಗೌಡರು ಹಿಂದೆ ಎಲ್ಲೋ ನಿಂತಿದ್ದರು. ಕೆಂಪಮ್ಮ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹೊರಗೆ ಹನಿ ಶುರುವಾಗಿತ್ತು, ಕಿಟಕಿ ಮುಚ್ಚಿದ್ದರಿಂದ ಬಸ್ಸಿನೊಳಗೆ ಉಸಿರುಕಟ್ಟುತ್ತಿತ್ತು. ಅರ್ಧ ದಾರಿಯಲ್ಲಿ ಕೇಳಿದರು:

"ನೀವು ಓದ್ದೋರು, ಕಣ್ಣೂ ಸರ್ಯಾಗವೆ. ನಿಜ ಏಳಿ, ಅವ್ರು ಯಾರು?"

"ನಿಮ್ಮ ಯಜಮಾನರೇ ಕೆಂಪಮ್ಮ. ನನ್ನಾಣೆ."

"ಇವತ್ಗಿಂತ ಮುಂಚೆ ಅವ್ರುನ್ನ ನೋಡಿದ್ರಾ?"

ನೋಡಿರಲಿಲ್ಲ. ಇವರು ಗೌಡರು ಎಂದು ಬೆಳಿಗ್ಗೆ ಸುಮಾ ಹೇಳಿದ್ದಳು, ನಾನು ನಂಬಿ ಯಂತ್ರಕ್ಕೆ ತುಂಬಿದ್ದೆ. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ, ಇಲ್ಲ ಎಂದೆ. ಅವರು ಹಣೆಯ ಕುಂಕುಮವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿಕೊಂಡರು.

"ಮತ್ತೆ ನಾಳೆ ಇದ್ನ ಇಟ್ಕಬೇಕೋ ಬ್ಯಾಡ್ವೋ ಅಂತ ನಾನು ಯಾರ್ನ ಕೇಳ್ಲಿ?"

ನಂಜನಗೂಡಿನಲ್ಲಿ ನಾನು ಮೈಸೂರಿನ ಬಸ್ಸಿಗೆ ಬದಲಾಯಿಸಬೇಕಿತ್ತು. ಹಿಂಬಾಗಿಲಿನಿಂದ ಮೊದಲು ಇಳಿದ ಗೌಡರು ಮುಂಬಾಗಿಲಿಗೆ ಓಡಿಬಂದು, ಮಳೆಯಲ್ಲಿ ನಿಂತು, ಹೆಂಡತಿಗೆ ಕೈ ನೀಡಿದರು. ಕೆಂಪಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ನಿಂತೇ ಇದ್ದರು. ಹಿಂದಿನವರು ಇಳೀರಮ್ಮ ಇಳೀರಿ ಎಂದು ಗದರುತ್ತಿದ್ದರು. ಗೌಡರು ಕೈ ಹಿಂದೆ ತೆಗೆದುಕೊಂಡು ಮೂರು ಹೆಜ್ಜೆ ಆಚೆ ಸರಿದ ಮೇಲೆ ಕೆಂಪಮ್ಮ ಕಂಬಿ ಹಿಡಿದು ಇಳಿದರು.