ಕುರ್ಚಿಯ ಹಿಂದಿನ ಎಡಗಾಲು

ನಮ್ಮ ವಸ್ತುಸಂಗ್ರಹಾಲಯದಲ್ಲಿ ನಾವೆಲ್ಲ ಅವರನ್ನು ಬಡಗಿ ಮಾವ ಎಂದೇ ಕರೆಯುತ್ತಿದ್ದೆವು. ಮುರಿದ ಮರದ ವಸ್ತುಗಳನ್ನು ಮೂವತ್ತೈದು ವರ್ಷ ರಿಪೇರಿ ಮಾಡಿದವರು. ಹೊಸ ತುಂಡು ಸೇರಿಸಿದರೆ ಸಂದು ಉಗುರಿಗೂ ಸಿಗಬಾರದು ಎಂಬುದು ಅವರ ಹಟ.

ಅವರ ನಿವೃತ್ತಿಗೆ ಆರು ತಿಂಗಳಿದ್ದಾಗ, ನಾನೂರು ವರ್ಷ ಹಳೆಯದೆಂದು ನಂಬಿದ್ದ ಕುರ್ಚಿಯೊಂದನ್ನು ಕಾರ್ಬನ್ ಪರೀಕ್ಷೆ ಮಾಡಿಸಲು ಸಂಗ್ರಹಾಲಯದ ಅಧಿಕಾರಿಣಿ ನಿರ್ಧರಿಸಿದರು. ಮರ ಬದುಕಿರುವಾಗ ಗಾಳಿಯಿಂದ ಇಂಗಾಲ ಪಡೆಯುತ್ತದೆ. ಕಡಿದ ಮೇಲೆ ಅದರಲ್ಲಿನ ಒಂದು ಬಗೆಯ ಇಂಗಾಲ ನಿಧಾನವಾಗಿ ಕಡಿಮೆಯಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಅಕ್ಕಿಕಾಳಿನಷ್ಟು ಮರ ಸಾಕು. ನೋಡುವವರಿಗೆ ಗಾಯ ಕಾಣದಿರಲೆಂದು ಅಧಿಕಾರಿಣಿ ಹಿಂದಿನ ಎಡಗಾಲಿನ ಅಡಿಯನ್ನು ಆರಿಸಿದರು.

“ಮೇಡಂ, ಆ ಕಾಲು ಬೇಡ,” ಎಂದರು ಮಾವ.

“ಜಾಗ ಆರಿಸೋದು ನನ್ನ ಕೆಲಸ. ನೀವು ಸ್ವಲ್ಪ ಸುಮ್ನಿರಿ.”

ಮಾವ ನಿಜಕ್ಕೂ ಸುಮ್ಮನಾದರು. ಸಿಟ್ಟು ಬಂದರೆ ಬಾಯಿಗೆ ಬೀಗ ಹಾಕುವುದು ಅವರ ಕೆಟ್ಟ ಚಾಳಿ.

ವರದಿ ಬಂತು: ಮರ ಕಡಿದು ಐವತ್ತು ವರ್ಷವೂ ಆಗಿಲ್ಲ. ಕುರ್ಚಿ ನಕಲಿ ಎಂದಾಯಿತು. ಹಾಗಾದರೆ ಅಸಲಿಯನ್ನು ಸಾಗಿಸಿದವರು ಯಾರು? ಅದನ್ನು ಮುಟ್ಟುತ್ತಿದ್ದುದು ಒಂದೇ ಕೈ. ಮಾವನಿಗೆ ನೋಟಿಸ್ ಬಂತು.

“ಆ ಕಾಲು ನಾನು ಮಾಡಿದ್ದು ತಾಯಿ! ಗೆದ್ದಲು ತಿಂದಿತ್ತು. ಅವತ್ತೇ ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದ್ರಿ.”

“ರಿಜಿಸ್ಟರಲ್ಲಿ ಇಲ್ವಲ್ಲ?”

“ಹಿಂದಿನ ಸಾಹೇಬ್ರು ‘ಸಣ್ಣ ರಿಪೇರಿ’ ಅಂತ ಗೀಚಿ ಕೈ ತೊಳ್ಕೊಂಡ್ರು. ನಾನೇನ್ ಮಾಡ್ಲಿ?”

“ಭೂತಗನ್ನಡಿ ಹಿಡಿದು ನೋಡಿದೀನಿ. ಹೊಸದು ಅಂತ ಎಲ್ಲೂ ಕಾಣಲ್ಲ.”

“ಕಾಣಬಾರ್ದು ಅಂತಾನೇ ಮೂರು ತಿಂಗಳು ಒದ್ದಾಡಿದ್ದು! ಚೆನ್ನಾಗಿ ಮಾಡಿದ್ದೇ ತಪ್ಪಾಯ್ತಾ?”

“ಮಾವ, ಬಿಚ್ಚಿ ತೋರಿಸಿಬಿಡಿ,” ಎಂದೆ ನಾನು.

“ಸಾಕಿದ ಕೈಯಿಂದ್ಲೇ ಕತ್ತು ಹಿಸುಕು ಅಂತೀಯಲ್ಲ, ನಿನ್ನ ಬುದ್ಧಿಗಿಷ್ಟು!”

ಆದರೂ ಕಳ್ಳನೆನ್ನಿಸಿಕೊಂಡು ಮನೆಗೆ ಹೋಗಲು ಅವರು ಸಿದ್ಧರಿರಲಿಲ್ಲ. ಗೊಣಗುತ್ತಲೇ ಕುರ್ಚಿಯನ್ನು ಬೋರಲು ಹಾಕಿ, ಮರದ ಮೊಳೆಯೊಂದನ್ನು ತಟ್ಟಿ ಹೊರತೆಗೆದರು. ಕಾಲು ಕಳಚಿ ಬಂತು. ಅದು ಕೂತಿದ್ದ ಹಳೆಯ ಚೌಕಟ್ಟಿನ ತೂತಿನೊಳಗೆ ಗೆದ್ದಲು ಕೊರೆದ ಗೀರುಗಳು ಇನ್ನೂ ಇದ್ದವು. ಆ ಚೌಕಟ್ಟಿನಿಂದ ತೆಗೆದ ಎರಡನೆಯ ಚೂರು ಪರೀಕ್ಷೆಗೆ ಹೋಯಿತು. ಉತ್ತರ ಬರುವವರೆಗೆ ಮಾವ ಯಾರೊಂದಿಗೂ ಚಹಾಕ್ಕೆ ಬರಲಿಲ್ಲ. ನಿವೃತ್ತಿಗೆ ವಾರವಿದ್ದಾಗ ವರದಿ ಬಂತು: ಸುಮಾರು ನಾನೂರು ವರ್ಷ.

“ತಪ್ಪಾಯ್ತು ಮಾವ,” ಎಂದು ಅಧಿಕಾರಿಣಿ ನೋಟಿಸನ್ನು ಹರಿದು ಹಾಕಿದರು. ಮರುಕ್ಷಣವೇ, “ಆದ್ರೆ ಮುಂದೆ ಯಾರೂ ಮೋಸ ಹೋಗಬಾರ್ದು. ಆ ಕಾಲಿನ ಬಣ್ಣ ಸ್ವಲ್ಪ ತಿಳಿ ಮಾಡ್ಬಿಡಿ. ಹೊಸದು ಅಂತ ಗೊತ್ತಾಗ್ಲಿ,” ಎಂದರು.

ಮಾವ ಹಣೆ ಚಚ್ಚಿಕೊಂಡರು. “ಒಂದು ಕೆಲಸ ನೆಟ್ಟಗೆ ಮಾಡಿದ್ದಕ್ಕೆ ಈ ವಯಸ್ಸಲ್ಲಿ ಅದನ್ನ ಕೆಡಿಸೋ ಕೆಲಸ!”

ಆದರೂ ಉಪ್ಪುಕಾಗದ ಹಿಡಿದು ಉಜ್ಜಲು ಕೂತರು. ಸಂಜೆಯಾದರೂ ಅರ್ಧ ಕಾಲೂ ತಿಳಿಯಾಗಿರಲಿಲ್ಲ. ಬಣ್ಣವನ್ನು ಅಷ್ಟು ಆಳಕ್ಕೆ ಹಿಡಿಸಿದ್ದರು.